ಪರಿಸರ ವಿಜ್ಞಾನ ಮತ್ತು ಜೀವವಿಕಾಸದ ಅಧ್ಯಯನದಲ್ಲಿ ಸ್ಟೊಕಾಸ್ಟಿಕ್ ಗಣಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಜೀವಶಾಸ್ತ್ರ ಓದಿದವರು ಗಣಿತದ ಬಗ್ಗೆ ಕೇಳುವ ಪ್ರಶ್ನೆಗಳೂ ಗಣಿತ ಓದಿದವರು ಜೀವಶಾಸ್ತ್ರದ ಬಗ್ಗೆ ಕೇಳುವ ಪ್ರಶ್ನೆಗಳೂ ಈ ಪುಟದಲ್ಲಿ ಸೇರಿವೆ. ಪಿಯುಸಿ ಮಟ್ಟದ ಸಂಭವನೀಯತೆ ತಿಳಿದಿದ್ದರೆ ಇಲ್ಲಿನ ಲೆಕ್ಕಗಳನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಮಾಡಿ ನೋಡಬೇಕೆಂದೇ ನಮ್ಮ ಕೋರಿಕೆ.

ಸ್ಟೊಕಾಸ್ಟಿಕ್ ಗಣಿತ ಎಂದರೇನು?

ಒಂದು ಕಾಡಿನಲ್ಲಿ ಈ ವರ್ಷ ಇಷ್ಟು ಜಿಂಕೆಗಳಿದ್ದರೆ ಹತ್ತು ವರ್ಷಗಳ ನಂತರ ಎಷ್ಟಿರುತ್ತವೆ ಎಂಬ ಪ್ರಶ್ನೆಗೆ ಎರಡು ಬಗೆಯಲ್ಲಿ ಉತ್ತರಿಸಬಹುದು. ಕಾಲೇಜಿನಲ್ಲಿ ಕಲಿಸುವ ಅವಕಲ ಸಮೀಕರಣಗಳು ಒಂದೇ ಉತ್ತರ ಕೊಡುತ್ತವೆ: ಆರಂಭದ ಸಂಖ್ಯೆ, ಜನನ ದರ ಮತ್ತು ಮರಣ ದರ ತಿಳಿದರೆ ಮುಂದಿನ ಪ್ರತಿಯೊಂದು ಕ್ಷಣದ ಸಂಖ್ಯೆಯೂ ನಿಗದಿಯಾಗಿಬಿಡುತ್ತದೆ. ಸ್ಟೊಕಾಸ್ಟಿಕ್ ಗಣಿತ, ಅಂದರೆ ಕಾಲಕ್ರಮದಲ್ಲಿ ಯಾದೃಚ್ಛಿಕವಾಗಿ ಬದಲಾಗುವ ಸಂಗತಿಗಳ ಗಣಿತ, ಸಾಧ್ಯವಿರುವ ಎಲ್ಲ ಉತ್ತರಗಳನ್ನೂ ಅವುಗಳಲ್ಲಿ ಪ್ರತಿಯೊಂದರ ಸಂಭವನೀಯತೆಯನ್ನೂ ಕೊಡುತ್ತದೆ. ಮೊದಲನೆಯ ಬಗೆ ಎರಡನೆಯದರ ಸರಾಸರಿ ಮಾತ್ರ ಎಂಬ ಭಾವನೆ ವ್ಯಾಪಕವಾಗಿದೆ. ಆ ಭಾವನೆ ಎಲ್ಲೆಲ್ಲಿ ತಪ್ಪುತ್ತದೆ ಎಂಬುದನ್ನು ತೋರಿಸುವುದೇ ಮುಂದಿನ ಹೆಚ್ಚಿನ ಉತ್ತರಗಳ ಕೆಲಸ.

ಯಾದೃಚ್ಛಿಕ ಎಂದರೆ ಕಾರಣವೇ ಇಲ್ಲದ್ದು ಎಂದರ್ಥವೇ?

ಅಲ್ಲ. ಒಂದು ಬೀಜ ಬಂಡೆಯ ಮೇಲೆ ಬಿದ್ದದ್ದಕ್ಕೂ ಇನ್ನೊಂದು ಹಸಿ ಮಣ್ಣಿನಲ್ಲಿ ಬಿದ್ದದ್ದಕ್ಕೂ ಭೌತಿಕ ಕಾರಣಗಳಿವೆ. ಆದರೆ ಆ ಕಾರಣಗಳಿಗೂ ಬೀಜದ ಗುಣಕ್ಕೂ ಸಂಬಂಧವಿಲ್ಲದಿದ್ದಾಗ ಮತ್ತು ಅವುಗಳನ್ನೆಲ್ಲ ಒಂದೊಂದಾಗಿ ಹಿಂಬಾಲಿಸುವುದು ಅಸಾಧ್ಯವಾದಾಗ, ಸಂಭವನೀಯತೆಯ ಭಾಷೆಯೇ ಅತ್ಯಂತ ನಿಖರವಾದ ಭಾಷೆಯಾಗುತ್ತದೆ.

ಏರಿಳಿತಗಳನ್ನು ಸರಾಸರಿಯಲ್ಲಿ ಕರಗಿಸಿಬಿಟ್ಟರೆ ಏನು ನಷ್ಟ?

ಜೀವಿಗಳ ಸಂಖ್ಯೆ ಚಿಕ್ಕದಾದಾಗ ನಷ್ಟ ದೊಡ್ಡದು. ಒಂದು ಪ್ರಭೇದದಲ್ಲಿ ಮರಣ ದರವು ಜನನ ದರದ 0.8ರಷ್ಟಿದೆ ಎಂದುಕೊಳ್ಳೋಣ. ಸರಾಸರಿಯ ಸಮೀಕರಣದ ಪ್ರಕಾರ ಇದು ಬೆಳೆಯುತ್ತಲೇ ಹೋಗಬೇಕು, ಆರಂಭದಲ್ಲಿ ಎಷ್ಟಿದ್ದರೂ ಸರಿ. ಆದರೆ ಪ್ರತಿ ಜೀವಿಯ ಹುಟ್ಟು ಸಾವುಗಳನ್ನು ಬಿಡಿಬಿಡಿಯಾದ ಆಕಸ್ಮಿಕ ಘಟನೆಗಳೆಂದು ಪರಿಗಣಿಸಿದರೆ, ಒಂದೇ ಜೀವಿಯಿಂದ ಆರಂಭವಾದ ಸಂತತಿ ಎಂದಾದರೊಮ್ಮೆ ಅಳಿದುಹೋಗುವ ಸಂಭವನೀಯತೆ 0.8. ಹತ್ತು ಜೀವಿಗಳಿಂದ ಆರಂಭವಾದರೆ 0.8ನ್ನು ಹತ್ತು ಬಾರಿ ಗುಣಿಸಬೇಕು. ಉತ್ತರ ಸುಮಾರು 0.107. ಇಪ್ಪತ್ತರಿಂದ ಆರಂಭವಾದರೆ 0.0115. ಜನನ ದರವೂ ಮರಣ ದರವೂ ಮೂರು ಸಂದರ್ಭಗಳಲ್ಲಿ ಒಂದೇ ಆಗಿದ್ದರೂ ಅಳಿವಿನ ಅಪಾಯ ನೂರಕ್ಕೆ ಎಂಬತ್ತರಿಂದ ಒಂದರ ಆಸುಪಾಸಿಗೆ ಇಳಿಯುತ್ತದೆ. ಸೆರೆಯಲ್ಲಿ ಬೆಳೆಸಿದ ಪ್ರಾಣಿಗಳನ್ನು ಕಾಡಿಗೆ ಮರಳಿ ಬಿಡುವಾಗ ಎಷ್ಟನ್ನು ಒಟ್ಟಿಗೆ ಬಿಡಬೇಕು ಎಂಬ ಪ್ರಶ್ನೆಗೆ ಈ ಲೆಕ್ಕ ನೇರವಾಗಿ ಸಂಬಂಧಿಸಿದೆ.

ಈ ಬಗೆಯ ಚಿಂತನೆಗೆ ಹಳೆಯ ಮೂಲವೊಂದಿದೆ. ಇಂಗ್ಲೆಂಡಿನ ಪ್ರತಿಷ್ಠಿತ ಮನೆತನಗಳ ಹೆಸರುಗಳು ಏಕೆ ಮರೆಯಾಗುತ್ತಿವೆ ಎಂಬ ಪ್ರಶ್ನೆಯನ್ನು ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಗಣಿತದ ಸಮಸ್ಯೆಯಾಗಿ ಮುಂದಿಟ್ಟರು. ಹೆನ್ರಿ ವಿಲಿಯಂ ವಾಟ್ಸನ್ ಅದಕ್ಕೆ ಉತ್ತರಿಸಲು ಯತ್ನಿಸಿದರು. ಪ್ರತಿ ಜೀವಿಯ ಮರಿಗಳ ಸಂಖ್ಯೆಯನ್ನು ಆಕಸ್ಮಿಕವೆಂದು ಹಿಡಿದು ವಂಶವೊಂದನ್ನು ತಲೆಮಾರಿನಿಂದ ತಲೆಮಾರಿಗೆ ಹಿಂಬಾಲಿಸುವ, ಶಾಖಾ ಪ್ರಕ್ರಿಯೆ ಎಂದು ಇಂದು ಕರೆಯುವ ವಿಧಾನ ಅಲ್ಲಿಂದ ಬೆಳೆಯಿತು. ಪ್ರತಿ ಜೀವಿಗೆ ಸರಾಸರಿ ಸರಿಯಾಗಿ ಒಂದೇ ಮರಿ ಉಳಿಯುವಂತಿದ್ದರೂ, ಮರಿಗಳ ಸಂಖ್ಯೆ ಜೀವಿಯಿಂದ ಜೀವಿಗೆ ಬದಲಾಗುತ್ತಿದ್ದರೆ ಆ ವಂಶ ಒಂದಲ್ಲ ಒಂದು ದಿನ ಅಳಿಯುವುದು ಖಚಿತ ಎಂಬುದು ಅದರ ಮುಖ್ಯ ಫಲಿತಾಂಶಗಳಲ್ಲಿ ಒಂದು. ಸರಾಸರಿಯನ್ನಷ್ಟೇ ನೋಡುವವರಿಗೆ ಅದೇ ವಂಶ ಸ್ಥಿರವಾಗಿರುವಂತೆ ಕಾಣುತ್ತದೆ.

ಆಕಸ್ಮಿಕತೆಗಳಲ್ಲಿ ಬಗೆಗಳಿವೆಯೇ?

ಮುಖ್ಯವಾಗಿ ಎರಡು. ಒಂದೊಂದು ಜೀವಿಯ ಮಟ್ಟದಲ್ಲಿ ಪ್ರತ್ಯೇಕವಾಗಿ ನಡೆಯುವ ಹುಟ್ಟು, ಸಾವು, ಲಿಂಗ ನಿರ್ಧಾರಗಳಿಂದ ಬರುವುದು ಮೊದಲನೆಯದು. ಅಮೆರಿಕದ ಫ್ಲಾರಿಡಾದಲ್ಲಿದ್ದ ಡಸ್ಕಿ ಸೀಸೈಡ್ ಗುಬ್ಬಚ್ಚಿಯ ಕೊನೆಯ ದಿನಗಳಲ್ಲಿ ಉಳಿದಿದ್ದವೆಂದು ತಿಳಿದ ಹಕ್ಕಿಗಳೆಲ್ಲವೂ ಗಂಡುಗಳೇ ಆಗಿದ್ದವು. ಅವುಗಳಲ್ಲಿ ಕೊನೆಯದು 1987ರಲ್ಲಿ ಸತ್ತಿತು. ಗಂಡು ಹೆಣ್ಣುಗಳ ಸಾಧ್ಯತೆ ಸಮವೆಂದುಕೊಂಡರೆ ಆರು ಹಕ್ಕಿಗಳೂ ಒಂದೇ ಲಿಂಗದವಾಗುವ ಸಂಭವನೀಯತೆ 32ಕ್ಕೆ 1. ಅರವತ್ತು ಹಕ್ಕಿಗಳಿದ್ದಾಗ ಹಾಗಾಗುವುದನ್ನು ಯೋಚಿಸುವ ಅಗತ್ಯವೇ ಇಲ್ಲ. ಸಂಖ್ಯೆ ಹೆಚ್ಚಿದಂತೆ ಈ ಬಗೆಯ ಆಕಸ್ಮಿಕತೆ ತಾನಾಗಿಯೇ ಮಸುಕಾಗುತ್ತದೆ.

ಎರಡನೆಯದು ಬರ, ನೆರೆ, ಕಾಳ್ಗಿಚ್ಚು, ರೋಗಗಳಂತೆ ಇಡೀ ಗುಂಪನ್ನು ಒಮ್ಮೆಲೇ ತಟ್ಟುವಂಥದ್ದು. ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಇದರಿಂದ ರಕ್ಷಣೆ ಸಿಗುವುದಿಲ್ಲ. ಮ್ಯಾಸಚೂಸೆಟ್ಸ್‌ನ ಮಾರ್ತಾಸ್ ವಿನ್ಯಾರ್ಡ್ ದ್ವೀಪದಲ್ಲಿ ಉಳಿದಿದ್ದ ಹೀತ್ ಹೆನ್ ಎಂಬ ನೆಲವಾಸಿ ಹಕ್ಕಿಯ ಕಥೆಯನ್ನು ಈ ಕ್ಷೇತ್ರದವರು ಮತ್ತೆ ಮತ್ತೆ ನೆನೆಯುತ್ತಾರೆ. 1908ರಲ್ಲಿ ಅದಕ್ಕಾಗಿ ರಕ್ಷಿತ ಪ್ರದೇಶ ಸ್ಥಾಪಿಸಿದಾಗ ಸುಮಾರು 50 ಹಕ್ಕಿಗಳಿದ್ದವು. 1915ರ ಹೊತ್ತಿಗೆ ಅವು ಸುಮಾರು 2,000ಕ್ಕೆ ಏರಿದವು. ಇದನ್ನು ಯಶಸ್ಸೆಂದು ಕರೆಯದಿರಲು ಯಾವ ಕಾರಣವೂ ಇರಲಿಲ್ಲ. 1916ರಲ್ಲಿ, ಹೆಣ್ಣು ಹಕ್ಕಿಗಳು ಗೂಡಿನಲ್ಲಿ ಕಾವು ಕೂರುವ ಕಾಲದಲ್ಲಿಯೇ, ಬೆಂಕಿ ಹಬ್ಬಿತು. ಅದರ ಹಿಂದೆಯೇ ಕಠಿಣ ಚಳಿಗಾಲ, ಎಂದಿಗಿಂತ ಹೆಚ್ಚಿಗೆ ಬಂದ ಗಿಡುಗಗಳು, ಕೆಲವು ವರ್ಷಗಳ ನಂತರ ಸಾಕುಕೋಳಿಗಳ ರೋಗ ಬಂದವು. 1927ರ ಹೊತ್ತಿಗೆ ಉಳಿದಿದ್ದವು ಹದಿಮೂರರಷ್ಟು, ಬಹುಪಾಲು ಗಂಡುಗಳು. ಕೊನೆಯ ಹಕ್ಕಿ ಕಣ್ಣಿಗೆ ಬಿದ್ದದ್ದು 1932ರ ಮಾರ್ಚ್‌ನಲ್ಲಿ. ಎರಡನೆಯ ಬಗೆಯ ಆಕಸ್ಮಿಕತೆ ಎರಡು ಸಾವಿರವನ್ನು ಹತ್ತಿಪ್ಪತ್ತಕ್ಕೆ ಇಳಿಸಿತು, ಅಲ್ಲಿಂದ ಮುಂದೆ ಮೊದಲನೆಯ ಬಗೆಯೂ ಜೊತೆಗೂಡಿತು.

ಗಣಿತ ಈ ವ್ಯತ್ಯಾಸವನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಮೊದಲನೆಯ ಬಗೆ ಮಾತ್ರ ಇದ್ದರೆ, ಆವಾಸದಲ್ಲಿ ಹಿಡಿಸುವ ಸಂಖ್ಯೆ ಹೆಚ್ಚಿದಂತೆ ಅಳಿವಿಗೆ ಹಿಡಿಯುವ ಸರಾಸರಿ ಕಾಲ ಘಾತೀಯವಾಗಿ ಬೆಳೆಯುತ್ತದೆ. ಎರಡನೆಯ ಬಗೆ ಸೇರಿದರೆ ಆ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ಎಲ್ಲ ಜೀವಿಗಳನ್ನೂ ಒಂದೇ ದ್ವೀಪದಲ್ಲಿ ಅಥವಾ ಒಂದೇ ಅಭಯಾರಣ್ಯದಲ್ಲಿ ಇಟ್ಟು ಸಂಖ್ಯೆ ಹೆಚ್ಚಿಸಿದರೆ ಸಾಕೆಂಬ ನಂಬಿಕೆಯನ್ನು ಇದಕ್ಕಾಗಿಯೇ ಒಪ್ಪಲಾಗದು.

ಸರಾಸರಿ ಬೆಳವಣಿಗೆ ಒಂದಕ್ಕಿಂತ ಹೆಚ್ಚಿದ್ದರೂ ಪ್ರಭೇದವೊಂದು ಕುಗ್ಗಬಹುದೇ?

ಖಂಡಿತ ಕುಗ್ಗಬಹುದು. ಒಳ್ಳೆಯ ಮಳೆಯ ವರ್ಷದಲ್ಲಿ ಸಂಖ್ಯೆ 1.5 ಪಟ್ಟಾಗುತ್ತದೆ, ಬರದ ವರ್ಷದಲ್ಲಿ 0.6 ಪಟ್ಟಾಗುತ್ತದೆ, ಎರಡೂ ಸಮಾನ ಸಾಧ್ಯತೆಯವು ಎಂದುಕೊಳ್ಳಿ. ಸಮಾಂತರ ಮಾಧ್ಯ 1.05; ಇದನ್ನು ನಂಬಿದರೆ 100 ಗಿಡಗಳು ಇಪ್ಪತ್ತು ವರ್ಷಗಳಲ್ಲಿ ಸುಮಾರು 265 ಆಗಬೇಕು. ಆದರೆ ಬೆಳವಣಿಗೆ ವರ್ಷದಿಂದ ವರ್ಷಕ್ಕೆ ಗುಣಿಸುತ್ತಾ ಹೋಗುವಂಥದ್ದು, ಕೂಡುತ್ತಾ ಹೋಗುವಂಥದ್ದಲ್ಲ. ಒಂದು ಒಳ್ಳೆಯ ವರ್ಷ ಮತ್ತು ಒಂದು ಬರದ ವರ್ಷ ಸೇರಿದರೆ 0.9 ಪಟ್ಟು, ಹತ್ತು ಒಳ್ಳೆಯ ಮತ್ತು ಹತ್ತು ಬರದ ವರ್ಷಗಳು ಯಾವ ಕ್ರಮದಲ್ಲಿ ಬಂದರೂ 100 ಗಿಡಗಳು ಸುಮಾರು 35ಕ್ಕೆ ಇಳಿದಿರುತ್ತವೆ. ದೀರ್ಘಕಾಲದ ಹಣೆಬರಹವನ್ನು ನಿರ್ಧರಿಸುವುದು ಗುಣೋತ್ತರ ಮಾಧ್ಯ, ಮತ್ತು ಅದು ಇಲ್ಲಿ ಸುಮಾರು 0.95. 265 ಎಂಬ ಸರಾಸರಿ ಸುಳ್ಳಲ್ಲ; ಅಪರೂಪಕ್ಕೆ ಒಳ್ಳೆಯ ವರ್ಷಗಳೇ ಸಾಲಾಗಿ ಬಂದ ಕೆಲವೇ ಕಡೆ ಸಂಖ್ಯೆ ವಿಪರೀತವಾಗಿ ಬೆಳೆದು ಸರಾಸರಿಯನ್ನು ಮೇಲಕ್ಕೆಳೆಯುತ್ತದೆ, ಹೆಚ್ಚಿನ ಕಡೆ ಗಿಡಗಳು ಕಡಿಮೆಯಾಗಿರುತ್ತವೆ.

ಮರುಭೂಮಿಯ ಏಕವಾರ್ಷಿಕ ಸಸ್ಯಗಳ ಬೀಜಗಳೆಲ್ಲ ಒಂದೇ ಮಳೆಗೆ ಏಕೆ ಮೊಳೆಯುವುದಿಲ್ಲ ಎಂಬ ಪ್ರಶ್ನೆಗೆ ಡಾನ್ ಕೋಹೆನ್ 1966ರಲ್ಲಿ ಕೊಟ್ಟ ಉತ್ತರ ಈ ತರ್ಕವನ್ನೇ ಆಧರಿಸಿದೆ. ಎಲ್ಲವೂ ಮೊಳೆತು ಮಳೆ ಕೈಕೊಟ್ಟರೆ ಆ ವರ್ಷದ ಗುಣಕ ಸೊನ್ನೆಯಾಗುತ್ತದೆ. ಸೊನ್ನೆಯಿಂದ ಗುಣಿಸಿದ ಮೇಲೆ ಹಿಂದಿನ ಒಳ್ಳೆಯ ವರ್ಷಗಳಿಂದ ಪ್ರಯೋಜನವಿಲ್ಲ. ಒಂದಷ್ಟು ಬೀಜಗಳನ್ನು ಮಣ್ಣಿನಲ್ಲಿಯೇ ಉಳಿಸಿಕೊಳ್ಳುವ ಸಸ್ಯ ಒಳ್ಳೆಯ ವರ್ಷದ ಲಾಭದಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟು ಗುಣೋತ್ತರ ಮಾಧ್ಯವನ್ನು ಹೆಚ್ಚಿಸಿಕೊಳ್ಳುತ್ತದೆ.

ನೈಸರ್ಗಿಕ ಆಯ್ಕೆ ಆಕಸ್ಮಿಕವಲ್ಲ ಎನ್ನುತ್ತಾರೆ. ಹಾಗಿದ್ದರೆ ವಿಕಾಸದಲ್ಲಿ ಆಕಸ್ಮಿಕತೆಗೆ ಎಷ್ಟು ಜಾಗವಿದೆ?

ಆಯ್ಕೆ ಒಂದು ದಿಕ್ಕಿನ ಒಲವು. ಆ ಒಲವು ಗೆಲ್ಲಲೇಬೇಕೆಂದಿಲ್ಲ. ಹೊಸ ಉತ್ಪರಿವರ್ತನೆಯೊಂದು, ಅಂದರೆ ಜೀನ್‌ನಲ್ಲಾಗುವ ಬದಲಾವಣೆಯೊಂದು (ಮ್ಯುಟೇಶನ್), ಹುಟ್ಟುವಾಗ ಅದು ಒಂದೇ ಜೀವಿಯಲ್ಲಿರುತ್ತದೆ, ಆದ್ದರಿಂದ ಗುಂಪು ಎಷ್ಟೇ ದೊಡ್ಡದಾಗಿದ್ದರೂ ಅದು ಸಣ್ಣ ಸಂಖ್ಯೆಗಳ ಲೋಕದಲ್ಲಿಯೇ ತನ್ನ ಮೊದಲ ದಿನಗಳನ್ನು ಕಳೆಯಬೇಕು. ಶಾಖಾ ಪ್ರಕ್ರಿಯೆಯನ್ನು ಬಳಸಿ ಜೆ. ಬಿ. ಎಸ್. ಹಾಲ್ಡೇನ್ 1927ರಲ್ಲಿ ತೋರಿಸಿದಂತೆ, ದೊಡ್ಡ ಗುಂಪೊಂದರಲ್ಲಿ ಶೇಕಡ 1ರಷ್ಟು ಅನುಕೂಲ ತರುವ ಉತ್ಪರಿವರ್ತನೆ ಉಳಿದು ಹರಡುವ ಸಂಭವನೀಯತೆ ಅದರ ಎರಡರಷ್ಟು, ಅಂದರೆ ಸುಮಾರು ಶೇಕಡ 2. ಉಪಯುಕ್ತವಾದ ಅಂಥ ನೂರು ಬದಲಾವಣೆಗಳಲ್ಲಿ ತೊಂಬತ್ತೆಂಟು ಕಳೆದುಹೋಗುತ್ತವೆ. ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಕಲ್ಕತ್ತಾದ ಭಾರತೀಯ ಅಂಕಿಅಂಶ ಸಂಸ್ಥೆಯಲ್ಲಿ ಕೆಲಸ ಮಾಡಿ, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು; ಈ ವಿಷಯವನ್ನು ಕಲಿಯುವ ನಮ್ಮ ವಿದ್ಯಾರ್ಥಿಗಳು ಅವರನ್ನು ನಮ್ಮವರೆಂದೇ ಓದಬೇಕು.

ಆಯ್ಕೆಯ ಒಲವೇ ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ಪೀಟರ್ ಬ್ಯೂರಿ 1956ರಲ್ಲಿ ಪ್ರಕಟಿಸಿದ ಹಣ್ಣುನೊಣಗಳ ಪ್ರಯೋಗ ತೋರಿಸುತ್ತದೆ. 107 ಗುಂಪುಗಳು, ಪ್ರತಿಯೊಂದರಲ್ಲೂ ಪ್ರತಿ ತಲೆಮಾರಿಗೆ ಎಂಟು ಗಂಡು, ಎಂಟು ಹೆಣ್ಣು. ಕಣ್ಣಿನ ಬಣ್ಣದ ಜೀನ್‌ನ ಎರಡು ರೂಪಗಳು ಆರಂಭದಲ್ಲಿ ಎಲ್ಲ ಗುಂಪುಗಳಲ್ಲೂ ಅರ್ಧರ್ಧ. ಹತ್ತೊಂಬತ್ತು ತಲೆಮಾರುಗಳ ನಂತರ 30 ಗುಂಪುಗಳಲ್ಲಿ ಒಂದು ರೂಪ ಪೂರ್ತಿ ಕಳೆದುಹೋಗಿತ್ತು, 28ರಲ್ಲಿ ಅದೇ ರೂಪ ಮಾತ್ರ ಉಳಿದಿತ್ತು. ಎಲ್ಲ ಗುಂಪುಗಳ ಸರಾಸರಿ ತೆಗೆದರೆ ಹೆಚ್ಚುಕಡಿಮೆ ಅರ್ಧವೇ ಬರುತ್ತದೆ, ಏನೂ ನಡೆದೇ ಇಲ್ಲವೇನೋ ಎಂಬಂತೆ. ಸೀವಾಲ್ ರೈಟ್ ಮತ್ತು ಆರ್. ಎ. ಫಿಶರ್ ಅವರ ಹೆಸರಿನ ಮಾದರಿ ಈ ಹರಡಿಕೆಯನ್ನೇ ವಿವರಿಸುತ್ತದೆ; ಇದನ್ನು ಜೆನೆಟಿಕ್ ಡ್ರಿಫ್ಟ್ ಎನ್ನುತ್ತಾರೆ.

ಮೊಟೂ ಕಿಮುರಾ 1968ರಲ್ಲಿ ಮುಂದಿಟ್ಟ ತಟಸ್ಥ ಸಿದ್ಧಾಂತದ ಒಂದು ಲೆಕ್ಕವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು, ಏಕೆಂದರೆ ಇಷ್ಟು ಚಿಕ್ಕ ಲೆಕ್ಕದಿಂದ ಇಷ್ಟು ದೊಡ್ಡ ಫಲ ಸಿಗುವುದು ವಿರಳ. N ಜೀವಿಗಳಿರುವ ಗುಂಪಿನಲ್ಲಿ, ಪ್ರತಿ ಜೀವಿಯಲ್ಲಿ ಎರಡರಂತೆ, ಪ್ರತಿ ಜೀನ್‌ಗೆ 2N ಪ್ರತಿಗಳಿರುತ್ತವೆ. ಪ್ರತಿ ತಲೆಮಾರಿಗೆ ಹುಟ್ಟುವ ಹೊಸ ತಟಸ್ಥ (ಜೀವಿಗೆ ಅನುಕೂಲವನ್ನೂ ಅನನುಕೂಲವನ್ನೂ ತರದ) ಉತ್ಪರಿವರ್ತನೆಗಳ ಸಂಖ್ಯೆ ಉತ್ಪರಿವರ್ತನೆಯ ದರದ 2N ಪಟ್ಟು; ಅವುಗಳಲ್ಲಿ ಪ್ರತಿಯೊಂದೂ ಕೊನೆಗೆ ಇಡೀ ಗುಂಪಿಗೆ ಹರಡುವ ಸಂಭವನೀಯತೆ 2Nರಲ್ಲಿ ಒಂದು. ಎರಡನ್ನೂ ಗುಣಿಸಿದರೆ N ಮಾಯವಾಗಿ ಉತ್ಪರಿವರ್ತನೆಯ ದರವೊಂದೇ ಉಳಿಯುತ್ತದೆ. ಡಿಎನ್‌ಎ ವ್ಯತ್ಯಾಸಗಳನ್ನು ಎಣಿಸಿ ಎರಡು ಪ್ರಭೇದಗಳು ಎಂದು ಕವಲೊಡೆದವು ಎಂದು ಅಂದಾಜು ಮಾಡುವ ವಿಧಾನಕ್ಕೆ ಸೈದ್ಧಾಂತಿಕ ಆಧಾರ ಕೊಟ್ಟದ್ದು ಈ ಲೆಕ್ಕವೇ.

ಉತ್ಪರಿವರ್ತನೆಗಳು ಅಗತ್ಯಕ್ಕೆ ತಕ್ಕಂತೆ ಹುಟ್ಟುವುದಿಲ್ಲ ಎಂಬುದು ಹೇಗೆ ಗೊತ್ತಾಯಿತು?

ಏರಿಳಿತವನ್ನು ಅಳೆದದ್ದರಿಂದ ಗೊತ್ತಾಯಿತು. ಬ್ಯಾಕ್ಟೀರಿಯಾಗಳ ಮೇಲೆ ವೈರಸ್ ಬಿಟ್ಟಾಗ ಕೆಲವು ಬದುಕುಳಿಯುತ್ತವೆ. ವೈರಸ್‌ನ ಸಂಪರ್ಕವೇ ಅವುಗಳಲ್ಲಿ ನಿರೋಧಕ ಶಕ್ತಿ ಹುಟ್ಟಿಸಿತೇ, ಅಥವಾ ವೈರಸ್ ಬರುವ ಮೊದಲೇ ಅದು ಆಕಸ್ಮಿಕವಾಗಿ ಹುಟ್ಟಿತ್ತೇ? ಸಾಲ್ವಡಾರ್ ಲುರಿಯಾ ಮತ್ತು ಮ್ಯಾಕ್ಸ್ ಡೆಲ್ಬ್ರುಕ್ 1943ರಲ್ಲಿ ಇದಕ್ಕೆ ಉತ್ತರಿಸಿದರು. ಕೆಲವೇ ಬ್ಯಾಕ್ಟೀರಿಯಾಗಳಿಂದ ಆರಂಭಿಸಿ ಹಲವು ಪುಟ್ಟ ಕೊಳವೆಗಳಲ್ಲಿ ಬೇರೆಬೇರೆಯಾಗಿ ಬೆಳೆಸಿ, ನಂತರ ಪ್ರತಿಯೊಂದನ್ನೂ ವೈರಸ್ ಇರುವ ತಟ್ಟೆಯ ಮೇಲೆ ಹರಡಿ, ಉಳಿದ ಕಾಲೊನಿಗಳನ್ನು ಎಣಿಸಿದರು.

ವೈರಸ್ ತಟ್ಟಿದ ಮೇಲೆ ನಿರೋಧ ಹುಟ್ಟುವುದಾದರೆ ಪ್ರತಿ ಜೀವಕೋಶಕ್ಕೂ ಅದೇ ಸಣ್ಣ ಅವಕಾಶವಿರುತ್ತದೆ. ಆಗ ಎಣಿಕೆಗಳು ಪ್ವಾಸೋನ್ ಹಂಚಿಕೆಯನ್ನು ಅನುಸರಿಸಬೇಕು, ಅದರಲ್ಲಿ ವೇರಿಯನ್ಸ್ ಎಂಬ ಚದುರುವಿಕೆಯ ಅಳತೆ ಸರಾಸರಿಗೆ ಸಮನಾಗಿರುತ್ತದೆ. ಮೊದಲೇ ಹುಟ್ಟಿದ್ದಾದರೆ ಚಿತ್ರ ಬೇರೆ: ಬೆಳವಣಿಗೆಯ ಆರಂಭದಲ್ಲಿಯೇ ಉತ್ಪರಿವರ್ತನೆಯಾದ ಕೊಳವೆಯಲ್ಲಿ ಅದರ ಸಂತತಿ ದ್ವಿಗುಣಗೊಳ್ಳುತ್ತಾ ನೂರಾರಾಗಿರುತ್ತದೆ, ಆಗದೇ ಇದ್ದ ಕೊಳವೆಯಲ್ಲಿ ಸೊನ್ನೆ. ಅವರ ಒಂದು ಪ್ರಯೋಗದ ಇಪ್ಪತ್ತು ಕೊಳವೆಗಳಲ್ಲಿ ಹನ್ನೊಂದರಲ್ಲಿ ಒಂದೂ ಉಳಿದಿರಲಿಲ್ಲ. ಒಂದರಲ್ಲಿ 107, ಇನ್ನೊಂದರಲ್ಲಿ 64, ಮತ್ತೊಂದರಲ್ಲಿ 35 ಇದ್ದವು. ಉಳಿದವುಗಳಲ್ಲಿ ಒಂದು, ಮೂರು, ಐದು, ಆರು ಹೀಗೆ. ಸರಾಸರಿ ಸುಮಾರು 11, ವೇರಿಯನ್ಸ್ ಸುಮಾರು 690. ಸರಾಸರಿ 11 ದಾಟಿದ ಪ್ವಾಸೋನ್ ಹಂಚಿಕೆಯಲ್ಲಿ ಒಂದು ಕೊಳವೆ ಸೊನ್ನೆಯಾಗುವ ಸಂಭವನೀಯತೆಯೇ ಸುಮಾರು 85,000ಕ್ಕೆ ಒಂದು. ಇಲ್ಲಿ ಅರ್ಧಕ್ಕಿಂತ ಹೆಚ್ಚು ಸೊನ್ನೆಗಳು. ಸೊನ್ನೆಯಾದ ಕೊಳವೆಗಳ ಪಾಲನ್ನು ಬಳಸಿಯೇ ಉತ್ಪರಿವರ್ತನೆಯ ದರವನ್ನೂ ಲೆಕ್ಕ ಹಾಕಬಹುದು: 0.55ರ ಸ್ವಾಭಾವಿಕ ಲಾಗರಿದಮ್ (ln) ತೆಗೆದು ಚಿಹ್ನೆ ಬದಲಿಸಿದರೆ ಪ್ರತಿ ಕೊಳವೆಗೆ ಸರಾಸರಿ 0.6ರಷ್ಟು ಉತ್ಪರಿವರ್ತನೆಗಳು ಎಂದು ಬರುತ್ತದೆ. ಅದನ್ನು ಕೊಳವೆಯಲ್ಲಿದ್ದ ಒಟ್ಟು ಬ್ಯಾಕ್ಟೀರಿಯಾಗಳ ಸಂಖ್ಯೆಯಿಂದ ಭಾಗಿಸಿದರೆ ದರ ಸಿಗುತ್ತದೆ. ಜೀವಶಾಸ್ತ್ರದ ಇಷ್ಟು ಮೂಲಭೂತ ಪ್ರಶ್ನೆಯನ್ನು ಸರಾಸರಿ ಬಗೆಹರಿಸಲಾರದೆ ಚದುರುವಿಕೆ ಬಗೆಹರಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಆಕಸ್ಮಿಕತೆಯಿಂದ ಕ್ರಮಬದ್ಧತೆ ಹುಟ್ಟುವುದು ಸಾಧ್ಯವೇ?

ಸಾಧ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೇರಳದವರು ಕರಿಮೀನ್ ಎನ್ನುವ ಮೀನಿನ ಗುಂಪುಗಳನ್ನು ತೆಗೆದುಕೊಂಡಿತು. ಪ್ರತಿ ಮೀನು ಆಗಾಗ ತಾನಾಗಿಯೇ ದಿಕ್ಕು ಬದಲಿಸುತ್ತದೆ, ಆಗಾಗ ಇನ್ನೊಂದು ಮೀನಿನ ದಿಕ್ಕನ್ನು ಅನುಸರಿಸುತ್ತದೆ ಎಂದಷ್ಟೇ ಊಹಿಸಿ ಸರಾಸರಿಯ ಸಮೀಕರಣ ಬರೆದರೆ, ಗುಂಪಿಗೆ ಒಟ್ಟಾದ ದಿಕ್ಕು ಇರಲಾರದು ಎಂಬ ಉತ್ತರ ಬರುತ್ತದೆ. ಮೀನುಗಳ ಸಂಖ್ಯೆ ಸೀಮಿತವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಒಟ್ಟಾಗಿ ಈಜುವ ವರ್ತನೆ ಸಮೀಕರಣದಿಂದ ಹೊರಬರುತ್ತದೆ; ಮತ್ತು ಗುಂಪು ಚಿಕ್ಕದಾದಷ್ಟೂ ಒಗ್ಗಟ್ಟು ಹೆಚ್ಚು. ನೀರಿನ ತೊಟ್ಟಿಯಲ್ಲಿ ನೋಡಿದಾಗಲೂ ಹಾಗೆಯೇ ಇತ್ತು. ಬೇಟೆಗಾರ ಪ್ರಾಣಿ ಮತ್ತು ಬೇಟೆಯ ಸಂಖ್ಯೆಗಳ ಏರಿಳಿತಗಳಲ್ಲೂ ಇಂಥದೇ ಸಂಗತಿಯಿದೆ: ಸರಾಸರಿಯ ಸಮೀಕರಣ ಕ್ರಮೇಣ ಶಾಂತವಾಗಬೇಕೆನ್ನುವ ಕಡೆಯೂ ಹುಟ್ಟು ಸಾವುಗಳ ಆಕಸ್ಮಿಕತೆ ಆವರ್ತಗಳನ್ನು ಜೀವಂತವಾಗಿಡಬಲ್ಲದು.

ಆಕಸ್ಮಿಕತೆ ಆಯ್ಕೆಯ ದಿಕ್ಕನ್ನೇ ತಿರುಗಿಸಬಲ್ಲದೇ?

ತಿರುಗಿಸಬಲ್ಲದು. ಜಾನ್ ಗಿಲೆಸ್ಪಿ 1970ರ ದಶಕದಲ್ಲಿ ತೋರಿಸಿದಂತೆ, N ಜೀವಿಗಳ ಗುಂಪಿನಲ್ಲಿ ಮುಖ್ಯವಾಗುವುದು ಮರಿಗಳ ಸರಾಸರಿ ಸಂಖ್ಯೆಯಿಂದ ಅದರ ವೇರಿಯನ್ಸನ್ನು Nನಿಂದ ಭಾಗಿಸಿದ್ದನ್ನು ಕಳೆದಾಗ ಉಳಿಯುವ ಮೊತ್ತ. ಒಂದು ಬಗೆಗೆ ಸರಾಸರಿ 1.02, ವೇರಿಯನ್ಸ್ 3. ಇನ್ನೊಂದಕ್ಕೆ ಸರಾಸರಿ 1, ವೇರಿಯನ್ಸ್ 1 ಎಂದಿರಲಿ. N 1,000 ಆದರೆ ಮೊದಲನೆಯದರ ಮೊತ್ತ 1.017, ಎರಡನೆಯದರದು 0.999, ಮೊದಲನೆಯದಕ್ಕೆ ಮೇಲುಗೈ. N 50 ಆದರೆ ಮೊದಲನೆಯದು 0.96, ಎರಡನೆಯದು 0.98, ಈಗ ಎರಡನೆಯದಕ್ಕೆ. ಇದು ಡ್ರಿಫ್ಟ್ ಅಲ್ಲ, ಏಕೆಂದರೆ ಡ್ರಿಫ್ಟ್‌ಗೆ ದಿಕ್ಕಿಲ್ಲ. ಇಲ್ಲಿ ಸಂಖ್ಯೆಯ ಮಿತಿಯೇ ಒಂದು ದಿಕ್ಕನ್ನು ಹುಟ್ಟಿಸಿದೆ. ಪಠ್ಯಪುಸ್ತಕಗಳು ಈ ವಿಷಯಕ್ಕೆ ಕೊಡುವ ಜಾಗ ಸಾಲದು ಎಂಬುದು ನಮ್ಮ ಅಭಿಪ್ರಾಯ.

ನಿಸರ್ಗದ ನಿಜವಾದ ಏರಿಳಿತವನ್ನೂ ನಮ್ಮ ಎಣಿಕೆಯ ದೋಷವನ್ನೂ ಬೇರ್ಪಡಿಸುವುದು ಹೇಗೆ?

ಎಣಿಕೆಯನ್ನೂ ಆಕಸ್ಮಿಕ ಪ್ರಕ್ರಿಯೆಯೆಂದೇ ಪರಿಗಣಿಸಿ ಅದಕ್ಕೂ ಒಂದು ಮಾದರಿ ರಚಿಸಬೇಕು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳಿಂದ ಹುಲಿಗಳನ್ನು ಎಣಿಸಲು ಬಳಸಿದ ವಿಧಾನದ ತಿರುಳು ಇದೇ. ಪಟ್ಟೆಗಳ ವಿನ್ಯಾಸದಿಂದ ಪ್ರತಿ ಹುಲಿಯನ್ನೂ ಗುರುತಿಸಬಹುದಾದ್ದರಿಂದ, ಮತ್ತೆ ಮತ್ತೆ ಸಿಕ್ಕವು ಎಷ್ಟು ಎಂಬುದರಿಂದ ಒಮ್ಮೆಯೂ ಸಿಗದವು ಎಷ್ಟಿರಬಹುದೆಂದು ಅಂದಾಜಿಸಬಹುದು. ಸರಳ ರೂಪದಲ್ಲಿ ಹೇಳುವುದಾದರೆ, ಮೊದಲ ಸುತ್ತಿನಲ್ಲಿ 20 ಹುಲಿಗಳೂ ಎರಡನೆಯ ಸುತ್ತಿನಲ್ಲಿ 25 ಹುಲಿಗಳೂ ಸಿಕ್ಕು, ಆ 25ರಲ್ಲಿ 10 ಹಳೆಯವಾಗಿದ್ದರೆ ಒಟ್ಟು ಸುಮಾರು 50 ಇರಬೇಕು. ಈ ಅಂದಾಜಿಗೆ ತನ್ನದೇ ಆದ ಅನಿಶ್ಚಿತತೆಯಿದೆ. ಅದನ್ನು ಹೇಳದೆ ಸಂಖ್ಯೆಯೊಂದನ್ನೇ ಪ್ರಕಟಿಸುವುದು ಓದುಗರಿಗೆ ಮಾಡುವ ಅನ್ಯಾಯ.

ಇದನ್ನು ಕಲಿಯಲು ಎಷ್ಟು ಗಣಿತ ಬೇಕು?

ಮೊದಲು ಸಂಭವನೀಯತೆ ಮತ್ತು ಮಾರ್ಕೋವ್ ಸರಪಳಿಗಳು, ನಂತರ ಶಾಖಾ ಪ್ರಕ್ರಿಯೆ ಹಾಗೂ ಜನನ–ಮರಣ ಪ್ರಕ್ರಿಯೆಗಳು. ಡಿಫ್ಯೂಶನ್ ಸಮೀಕರಣಗಳೂ ಇಟೊ ಅವರ ಕಲನಶಾಸ್ತ್ರವೂ ಮುಂದಿನ ಹಂತ. ಅವಿಲ್ಲದೆಯೂ ಬಹಳ ದೂರ ಹೋಗಬಹುದು. ಜೊತೆಗೆ ಪೈಥಾನ್ ಅಥವಾ ಆರ್ ಭಾಷೆಯಲ್ಲಿ ಅನುಕರಣೆಗಳನ್ನು ನಡೆಸುವ ಅಭ್ಯಾಸ ಅತ್ಯಗತ್ಯ. ಮೇಲಿನ ಮಳೆ–ಬರದ ಉದಾಹರಣೆಯನ್ನು ಸಾವಿರ ಬಾರಿ ಓಡಿಸಿ ಸರಾಸರಿಯನ್ನೂ ನಡುವಿನ ಬೆಲೆಯನ್ನೂ ಹೋಲಿಸಿದ ವಿದ್ಯಾರ್ಥಿಗೆ ಗುಣೋತ್ತರ ಮಾಧ್ಯವನ್ನು ಮತ್ತೆ ವಿವರಿಸಬೇಕಾಗುವುದಿಲ್ಲ.

ಈ ಗಣಿತದಿಂದ ಭವಿಷ್ಯ ಹೇಳಬಹುದೇ?

ಈ ಮರ ಸಾಯುತ್ತದೆ, ಆ ಮರ ಉಳಿಯುತ್ತದೆ ಎಂದು ಹೇಳಲಾಗದು. ಯಾವ ಸ್ಥಿತಿಗೆ ಎಷ್ಟು ಅಪಾಯ, ಯಾವ ಕ್ರಮದಿಂದ ಅಪಾಯ ಎಷ್ಟು ತಗ್ಗುತ್ತದೆ ಎಂದು ಹೇಳಬಹುದು. ಅದಕ್ಕೂ ದೀರ್ಘಕಾಲದ ದಾಖಲೆಗಳು ಬೇಕು, ಏಕೆಂದರೆ ಅಪರೂಪದ ಬರ ಅಥವಾ ಬೆಂಕಿಯ ಸಂಭವನೀಯತೆಯನ್ನು ಮೂರು ನಾಲ್ಕು ವರ್ಷಗಳ ಮಾಹಿತಿಯಿಂದ ಅಂದಾಜಿಸಲಾಗದು. ಬಂಡೀಪುರಕ್ಕೆ ಅಂಟಿಕೊಂಡಿರುವ ತಮಿಳುನಾಡಿನ ಮುದುಮಲೈ ಕಾಡಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರ 1988ರಲ್ಲಿ 50 ಹೆಕ್ಟೇರ್ ಜಾಗವನ್ನು ಗುರುತಿಸಿ, ಅಲ್ಲಿನ ಮರಗಿಡಗಳಿಗೆ ಸಂಖ್ಯೆ ಕೊಟ್ಟು, ಅವುಗಳ ಹುಟ್ಟು, ಬೆಳವಣಿಗೆ, ಸಾವುಗಳನ್ನು ದಶಕಗಳಿಂದ ದಾಖಲಿಸುತ್ತಾ ಬಂದಿದೆ. ಆನೆಗಳೂ ಕಾಳ್ಗಿಚ್ಚೂ ಬರವೂ ಆ ದಾಖಲೆಯಲ್ಲಿವೆ. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಿಂದ ಇಷ್ಟೇ ವಿಸ್ತಾರದ ಇಂಥದೇ ಜಾಗವಿದೆ. ಎರಡು ಕಾಡುಗಳಲ್ಲಿ ಯಾವ ಬಗೆಯ ಆಕಸ್ಮಿಕತೆ ಎಷ್ಟು ಪಾಲು ವಹಿಸುತ್ತದೆ ಎಂದು ಹೋಲಿಸಿ ನೋಡುವುದು ಇಂಥ ದಾಖಲೆಗಳಿಂದಲೇ ಸಾಧ್ಯ. ಅವುಗಳನ್ನು ನಿಲ್ಲದಂತೆ ಮುಂದುವರಿಸಲು ಬೇಕಾದ ಹಣ ಮತ್ತು ಜನರನ್ನು ಒದಗಿಸುವುದು, ಹೊಸ ಸಮೀಕರಣಗಳನ್ನು ಬರೆಯುವಷ್ಟೇ ತುರ್ತಿನ ಕೆಲಸವಾಗಿದೆ.